ಗೇರ್ ಇಲ್ಲದ ಎಂಟಿಬಿ: ಟೇಕಡಿಗೆ ಸರಿ, ಸಿಂಹಗಡಕ್ಕೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಹುಬ್ಬಳ್ಳಿಯವನು. ಪುಣೆಗೆ ಬಂದು ಬಹಳ ವರ್ಷ ಆಯಿತು, ಕೋಥ್ರೂಡ್‌ನಲ್ಲಿ ಮನೆ. ವಯಸ್ಸು 41. ವಾರದಲ್ಲಿ ಎರಡು ಮೂರು ದಿನ ಬೆಳಿಗ್ಗೆ ಊರೊಳಗಿನ ಗುಡ್ಡ ವೇತಾಳ ಟೇಕಡಿಗೆ ಸೈಕಲ್ ಒಯ್ಯುತ್ತೇನೆ. ಭಾನುವಾರ ನಮ್ಮ ಕನ್ನಡದ ಗೆಳೆಯರ ಜೊತೆ ಸಿಂಹಗಡ ಕೋಟೆ, ಇಲ್ಲಾಂದ್ರೆ ಪಾನಶೇತ್ ಅಣೆಕಟ್ಟಿನ ಕಡೆ. ನನ್ನದು 27.5 ಇಂಚಿನ, 24 ಗೇರಿನ ಎಂಟಿಬಿ, ಅಂದರೆ ಮೌಂಟನ್ ಬೈಕ್. ಮಳೆಗಾಲದಲ್ಲಿ ಗೇರ್ ಬದಲಿಸುವ ಹಿಂದಿನ ಡಿರೇಲರ್ ಕಲ್ಲಿಗೆ ಬಡಿದು, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಬಗ್ಗೋದು, ಕೆಸರು ತುಂಬಿ ಗೇರ್ ಬೀಳದೇ ಇರೋದು ಸಾಕಾಗಿ ಹೋಗಿದೆ. ಗೆಳೆಯನೊಬ್ಬ ತನ್ನ ಸಿಂಗಲ್ ಸ್ಪೀಡ್ (ಒಂದೇ ಗೇರಿನ) ಎಂಟಿಬಿ ಮಾರುತ್ತಿದ್ದಾನೆ. 29 ಇಂಚಿನ ಚಕ್ರ, ಸ್ಟೀಲ್ ಫ್ರೇಮು, ಶಾಕ್ ಇಲ್ಲದ ಫೋರ್ಕು, ಮುಂದೆ 32 ಹಲ್ಲು, ಹಿಂದೆ 18. ನನ್ನದನ್ನು ಮಾರಿ ಅದನ್ನು ತಗೊಳ್ಳಲಾ? ಇಲ್ಲಾ ಇರೋದನ್ನೇ ಸಿಂಗಲ್ ಸ್ಪೀಡ್ ಮಾಡಿಸಲಾ? ಬಲ ಮೊಣಕಾಲು ಆಗಾಗ ನೋಯುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಇನ್ನೊಂದು, 12 ವರ್ಷದ ಮಗನಿಗೂ ಸೈಕಲ್ ಬೇಕು. ಗೇರ್ ಇರೋದಾ, ಇಲ್ಲದ್ದಾ?

ಉತ್ತರ: ಮೊದಲು ಒಂದು ಪರೀಕ್ಷೆ ಮಾಡಿ ನೋಡಿ, ಇಷ್ಟ ಆದರೆ ಗೆಳೆಯನ ಸೈಕಲ್ ತಗೊಳ್ಳಿ. ನಿಮ್ಮದನ್ನು ಮಾರಬೇಡಿ. ಎರಡು ಸೈಕಲ್ ಇಡೋಕೆ ಫ್ಲ್ಯಾಟಿನಲ್ಲಿ ಜಾಗ ಇಲ್ಲ, ಒಂದೇ ಇರಬೇಕು ಅನ್ನೋದಾದರೆ ಗೇರಿನದೇ ಇರಲಿ. ನಿಮ್ಮ ಟೇಕಡಿ ಸವಾರಿಗೂ ಭಾನುವಾರದ ಸವಾರಿಗೂ ಸಂಬಂಧವೇ ಇಲ್ಲ. ಒಂದಕ್ಕೆ ಸಿಂಗಲ್ ಸ್ಪೀಡ್ ಹೇಳಿ ಮಾಡಿಸಿದ ಹಾಗಿದೆ, ಇನ್ನೊಂದಕ್ಕೆ ಅದು ಶಿಕ್ಷೆ.

ಮೊದಲೇ ಒಂದು ಗೊಂದಲ ಬಗೆಹರಿಸೋಣ. ಸಿಂಗಲ್ ಸ್ಪೀಡ್ ಅಂದ ಕೂಡಲೇ ಕೆಲವರು ಫಿಕ್ಸಿ ಅಂದುಕೊಳ್ಳುತ್ತಾರೆ. ಫಿಕ್ಸಿಯಲ್ಲಿ ಫ್ರೀವೀಲ್ ಇರುವುದಿಲ್ಲ, ಚಕ್ರ ತಿರುಗಿದಷ್ಟೂ ಪೆಡಲ್ ತಿರುಗುತ್ತಲೇ ಇರುತ್ತದೆ. ನಿಮ್ಮ ಗೆಳೆಯನದು ಹಾಗಲ್ಲ. ಇಳಿಜಾರಿನಲ್ಲಿ ಕಾಲು ನಿಲ್ಲಿಸಿ ಸುಮ್ನೆ ಕೂರಬಹುದು. ನಾವೆಲ್ಲ ಚಿಕ್ಕವರಿದ್ದಾಗ ಒಳಪೆಡಲ್ ಹೊಡೆದ ಅಪ್ಪನ ಕರಿ ಸೈಕಲ್ ಕೂಡ ಸಿಂಗಲ್ ಸ್ಪೀಡೇ ಅಲ್ವಾ?

ಮೌಂಟನ್ ಬೈಕ್ ಅನ್ನೋದು ಹುಟ್ಟಿದ್ದೂ ಹೀಗೇ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಹುಡುಗರು ದಪ್ಪ ಟೈರಿನ ಹಳೇ ಸೈಕಲ್ ತಗೊಂಡು ಗುಡ್ಡದ ಕಚ್ಚಾ ದಾರಿಯಲ್ಲಿ ಇಳಿಯುತ್ತಿದ್ದರು. ಒಂದೇ ಗೇರು, ಪೆಡಲನ್ನು ಹಿಂದಕ್ಕೆ ಒತ್ತಿದರೆ ಬೀಳುವ ಬ್ರೇಕು. 1976ರಲ್ಲಿ ಅಲ್ಲಿ ಶುರುವಾದ ಇಳಿಜಾರಿನ ರೇಸಿಗೆ ರಿಪ್ಯಾಕ್ ಅಂತ ಹೆಸರು. ಒಂದು ಸಲ ಇಳಿಯುವಷ್ಟರಲ್ಲಿ ಬ್ರೇಕಿನ ಹಬ್ ಕಾದು ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ತುಂಬಬೇಕಿತ್ತು. ಇಂಗ್ಲಿಷಿನಲ್ಲಿ ಅದೇ ರಿಪ್ಯಾಕ್, ಹೆಸರು ಬಂದದ್ದು ಅದರಿಂದ. ಮೇಲಕ್ಕೆ ಹೋಗುವಾಗ ಅವರು ಸೈಕಲ್ ತಳ್ಳಿಕೊಂಡೋ, ಟ್ರಕ್ಕಿನಲ್ಲಿ ಹಾಕಿಕೊಂಡೋ ಹೋಗುತ್ತಿದ್ದರು. ತುಳಿದುಕೊಂಡೇ ಹತ್ತಬೇಕು ಅನ್ನೋ ಆಸೆ ಬಂದ ಮೇಲೆ ಗೇರ್ ಹಾಕಿದರು. ಇಳಿಯೋಕೆ ಗೇರ್ ಬೇಕಿರಲಿಲ್ಲ, ಹತ್ತೋಕೆ ಬೇಕಾಯಿತು. ನಿಮ್ಮ ಪ್ರಶ್ನೆಯೂ ಹತ್ತುವುದರದ್ದೇ.

ಸ್ವಲ್ಪ ಲೆಕ್ಕ ಮಾಡೋಣ. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ, ಚಕ್ರದ ಅಡ್ಡಳತೆಯಿಂದ ಗುಣಿಸಿ. ಬರುವ ಸಂಖ್ಯೆಗೆ ಗೇರ್ ಇಂಚು ಅನ್ನುತ್ತಾರೆ, ಅದು ದೊಡ್ಡದಾದಷ್ಟೂ ತುಳಿತ ಭಾರ. ಗೆಳೆಯನ ಸೈಕಲ್ 32ಕ್ಕೆ 18, ಚಕ್ರ 29. ಅಂದರೆ ಸುಮಾರು 52 ಗೇರ್ ಇಂಚು. ಪೆಡಲ್ ಒಂದು ಸುತ್ತು ಬಂದರೆ ಸೈಕಲ್ 4.1 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 22 ಕಿಲೋಮೀಟರ್. ಬಯಲು ರಸ್ತೆಗೆ ಇದು ಸ್ವಲ್ಪ ಹಗುರ, ಗುಡ್ಡಕ್ಕೆ ಸ್ವಲ್ಪ ಭಾರ. ಸಿಂಗಲ್ ಸ್ಪೀಡಿನ ಹಣೆಬರಹವೇ ಅದು. ಎಲ್ಲಾ ಕಡೆಗೂ ಅರ್ಧಂಬರ್ಧ ಹೊಂದುವ ಒಂದು ಗೇರನ್ನು ನೀವು ಮೊದಲೇ ಆರಿಸಿಕೊಂಡಿರುತ್ತೀರಿ.

ನಿಮ್ಮ 24 ಗೇರಿನ ಸೈಕಲ್‌ನಲ್ಲಿ ಮುಂದೆ 42, 32, 22 ಹಲ್ಲಿನ ಮೂರು ಚಕ್ರ, ಹಿಂದೆ 11ರಿಂದ 32 ಹಲ್ಲಿನ ಎಂಟು ಚಕ್ರ ಇರುತ್ತವೆ. ಈ ಬಗೆಯ ಸೈಕಲ್‌ಗಳಲ್ಲಿ ಅದೇ ಸಾಮಾನ್ಯ. ಅತಿ ಹಗುರ ಗೇರು 22ಕ್ಕೆ 32. ಅಂದರೆ 19 ಗೇರ್ ಇಂಚು, ಒಂದು ಸುತ್ತಿಗೆ ಒಂದೂವರೆ ಮೀಟರ್. ಈ 19 ಮತ್ತು 52 ನೆನಪಿಟ್ಟುಕೊಂಡು ಸಿಂಹಗಡಕ್ಕೆ ಬನ್ನಿ.

ಗಡದ ಎತ್ತರ ಸಮುದ್ರ ಮಟ್ಟದಿಂದ ಸುಮಾರು 1,300 ಮೀಟರ್, ಪುಣೆ ಇರೋದು 560ರ ಆಸುಪಾಸು. ಘಾಟ್ ಶುರುವಾಯಿತು ಅಂದರೆ ಎಂಟೊಂಬತ್ತು ಕಿಲೋಮೀಟರ್ ಬಿಡುವೇ ಇಲ್ಲದ ಏರು, ನಡುನಡುವೆ ಉಸಿರು ಕಟ್ಟಿಸುವ ತಿರುವು. ನಿಮ್ಮ ತೂಕ ಮತ್ತು ಸೈಕಲ್ ತೂಕ ಸೇರಿ 87 ಕಿಲೋ ಅಂತ ಇಟ್ಟುಕೊಳ್ಳಿ. ನೂರು ಮೀಟರಿಗೆ ಎಂಟು ಮೀಟರ್ ಏರುವ ಕಡೆ ಗಂಟೆಗೆ 10 ಕಿ.ಮೀ. ವೇಗದಲ್ಲಿ ಹೋಗೋಕೆ ಸುಮಾರು 220 ವಾಟ್ ಶಕ್ತಿ ಬೇಕು. ಗಂಟೆಗೆ ಐದೂವರೆ ಕಿ.ಮೀ. ಆದರೆ 120 ವಾಟ್ ಸಾಕು. ಗೇರ್ ಇದ್ದವರು ಈ ಎರಡನೆಯದನ್ನು ಆರಿಸಿಕೊಂಡು ಮಾತಾಡುತ್ತಾ ಹತ್ತುತ್ತಾರೆ. ಸಿಂಗಲ್ ಸ್ಪೀಡಿನಲ್ಲಿ ಆ ಆಯ್ಕೆ ಇಲ್ಲ. ಹಿಂದೆ 18ರ ಬದಲು 20 ಹಲ್ಲು ಹಾಕಿಸಿದರೂ, ನಿಮಿಷಕ್ಕೆ 45 ಸುತ್ತು ಅಂದರೇನೇ ಗಂಟೆಗೆ 10 ಕಿ.ಮೀ. ಆಗುತ್ತದೆ. ಅದಕ್ಕಿಂತ ತೀರಾ ಕಮ್ಮಿ ಸುತ್ತಿನಲ್ಲಿ ಪೆಡಲ್ ನೆಟ್ಟಗೆ ಮೇಲೆ ಬಂದಾಗ ಒತ್ತಿದರೂ ಬಲ ಹತ್ತದ ಸತ್ತ ಜಾಗ ದಾಟುವುದೇ ಕಷ್ಟ, ಸೈಕಲ್ ಓಲಾಡುತ್ತದೆ.

ಜನ ಹೇಳದೇ ಇರುವ ತೊಂದರೆ ಇದೇ. ಸಿಂಗಲ್ ಸ್ಪೀಡಿನಲ್ಲಿ ಜೋರಾಗಿ ಹೋಗೋಕೆ ಆಗಲ್ಲ ಅಂತ ಎಲ್ಲರೂ ದೂರುತ್ತಾರೆ. ನಿಧಾನಕ್ಕೆ ಹೋಗೋಕೂ ಆಗಲ್ಲ ಅನ್ನೋದು ಏರಿನ ಮೇಲೆ ಗೊತ್ತಾಗುತ್ತದೆ. ಗುಡ್ಡ ಕೇಳಿದಷ್ಟು ವೇಗ ಕೊಡಬೇಕು, ಇಲ್ಲವೇ ಇಳಿದು ತಳ್ಳಬೇಕು. ನಡುವಿನ ದಾರಿ ಇಲ್ಲ. 220 ವಾಟನ್ನು ಐದು ನಿಮಿಷ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಮುಕ್ಕಾಲು ಗಂಟೆಗೂ ಮೇಲೆ ಕೊಡುವವರು ನಿಯಮಿತವಾಗಿ ಅಭ್ಯಾಸ ಮಾಡಿದವರು. ಹಿಂಜವಡಿಯ ಆಫೀಸಿನಲ್ಲಿ ದಿನವಿಡೀ ಕೂತು, ಭಾನುವಾರ ಗಡದ ಮೇಲೆ ಪಿಠ್ಲ-ಭಾಕರಿ, ಕುಡಿಕೆಯ ಮೊಸರು ತಿನ್ನೋಕೆ ಹೋಗುವ ನಮ್ಮಂಥವರು ಬಹುಪಾಲು ಆ ಪಂಗಡದಲ್ಲಿ ಇಲ್ಲ. ನೀವು ಇದ್ದರೆ ಸಂತೋಷ, ಆದರೆ ಆಗ ಮೊಣಕಾಲಿನ ಮಾತು ಬರುತ್ತದೆ.

ಮೊಣಕಾಲು. ನಾನು ಡಾಕ್ಟರ್ ಅಲ್ಲ. ನೋವು ಪದೇ ಪದೇ ಬರುತ್ತಿದ್ದರೆ ಮೊದಲು ಮೂಳೆ ಡಾಕ್ಟರಿಗೋ ಫಿಸಿಯೋಗೋ ತೋರಿಸಿ, ಆಮೇಲೆ ಸೈಕಲ್ ಖರೀದಿ. ಸೈಕಲ್ ಕಡೆಯಿಂದ ನಾನು ಹೇಳಬಹುದಾದ್ದು ಇಷ್ಟು. 20 ಹಲ್ಲಿನ ಸಿಂಗಲ್ ಸ್ಪೀಡ್ 46 ಗೇರ್ ಇಂಚು. ನಿಮ್ಮ ಹಗುರ ಗೇರು 19. ಅದೇ ಏರಿನಲ್ಲಿ ಪ್ರತಿ ತುಳಿತಕ್ಕೂ ಸುಮಾರು ಎರಡೂವರೆ ಪಟ್ಟು ಜಾಸ್ತಿ ಒತ್ತಡ ಬೇಕು. ಕೂತುಕೊಂಡೇ ಆ ಒತ್ತಡ ಹಾಕಿದರೆ ಅದರ ಹೊಡೆತ ಮೊಣಚಿಪ್ಪಿನ ಹಿಂದೆ ಬೀಳುತ್ತದೆ. ಅದಕ್ಕೇ ಸಿಂಗಲ್ ಸ್ಪೀಡಿನವರು ಏರು ಬಂದ ಕೂಡಲೇ ಎದ್ದು ನಿಲ್ಲುತ್ತಾರೆ. ನಿಂತಾಗ ಮೊಣಕಾಲು ಅಷ್ಟು ಮಡಿಸಿರುವುದಿಲ್ಲ, ದೇಹದ ತೂಕವೇ ಪೆಡಲನ್ನು ಒತ್ತುತ್ತದೆ, ಕೈಗಳು ಹ್ಯಾಂಡಲ್ ಎಳೆದು ಜೊತೆ ಕೊಡುತ್ತವೆ. ಒಂದೆರಡು ನಿಮಿಷದ ಏರಿಗೆ ಇದು ಚೆನ್ನ. ಅರ್ಧ ಗಂಟೆ ನಿಂತು ತುಳಿದರೆ ಮೊಣಕಾಲಿನ ಬಾಕಿಯನ್ನು ಸೊಂಟ ತೀರಿಸಬೇಕಾಗುತ್ತದೆ. ಸೀಟಿನ ಎತ್ತರವನ್ನೂ ನೋಡಿಕೊಳ್ಳಿ. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಅದನ್ನು ಪೂರ್ತಿ ಕೆಳಗೆ ತಂದಾಗ ಕಾಲು ನೇರ ಆಗಬೇಕು. ನಮ್ಮಲ್ಲಿ ಅರ್ಧಕ್ಕರ್ಧ ಜನ ಸೀಟು ತೀರಾ ಕೆಳಗೆ ಇಟ್ಟುಕೊಂಡು ಮೊಣಕಾಲು ಕೆಡಿಸಿಕೊಳ್ಳುತ್ತಾರೆ.

ಈಗ ಟೇಕಡಿ. ಇಲ್ಲಿ ಆಟವೇ ಬೇರೆ.

ವೇತಾಳ ಟೇಕಡಿ ಪುಣೆ ಊರೊಳಗಿನ ಅತಿ ಎತ್ತರದ ಜಾಗ, ಸುಮಾರು 800 ಮೀಟರ್. ಆದರೆ ನೀವು ಕೋಥ್ರೂಡ್ ಕಡೆಯಿಂದ ಮೇಲೆ ಹೋಗಿ ಸೇರಿದ ಮೇಲೆ ಅಲ್ಲಿನ ಏರುಗಳೆಲ್ಲ ಚಿಕ್ಕಚಿಕ್ಕವು. ಮೂವತ್ತು ಸೆಕೆಂಡು, ಒಂದು ನಿಮಿಷ, ಹೆಚ್ಚೆಂದರೆ ಎರಡು. ಏರು, ಇಳಿ, ತಿರುವು, ಮತ್ತೆ ಏರು. ಇಂಥ ನೆಲಕ್ಕೆ ಸಿಂಗಲ್ ಸ್ಪೀಡ್ ಬಹಳ ಚೆನ್ನಾಗಿ ಹೊಂದುತ್ತದೆ. ಗೇರಿನವರು ಏರಿನ ಬುಡಕ್ಕೆ ಬಂದು, ಕಟಕಟ ಅನ್ನಿಸಿ, ಗೇರು ಇಳಿಸಿ, ವೇಗ ಕಳಕೊಂಡು ಹತ್ತುತ್ತಾರೆ. ನಿಮ್ಮ ಹತ್ತಿರ ಇಳಿಸೋಕೆ ಏನೂ ಇಲ್ಲ. ಆದ್ದರಿಂದ ಇಳಿಜಾರಿನ ಕೊನೆಯಲ್ಲೇ ಬ್ರೇಕ್ ಬಿಟ್ಟು, ವೇಗ ಹಿಡಿದುಕೊಂಡು ಬರುತ್ತೀರಿ. ಅರ್ಧ ಏರು ಆ ವೇಗದಲ್ಲೇ ಮುಗಿಯುತ್ತದೆ. ಉಳಿದರ್ಧ ನಿಂತು ತುಳಿಯುತ್ತೀರಿ. ಕೆಲವು ವಾರದಲ್ಲಿ ನಿಮ್ಮ ಕಣ್ಣು ದಾರಿಯನ್ನು ಬೇರೆ ಥರ ನೋಡೋಕೆ ಶುರು ಮಾಡುತ್ತದೆ. ಯಾವ ಕಲ್ಲಿನ ಎಡಕ್ಕೆ ಹೋದರೆ ವೇಗ ಉಳಿಯುತ್ತದೆ, ಎಲ್ಲಿ ಬ್ರೇಕ್ ಮುಟ್ಟಲೇಬಾರದು ಅಂತ. ಗೇರಿನ ಸೈಕಲ್‌ಗೆ ವಾಪಸ್ ಹೋದಾಗಲೂ ಈ ಅಭ್ಯಾಸ ಜೊತೆಗೇ ಬರುತ್ತದೆ. ಸಿಂಗಲ್ ಸ್ಪೀಡಿನ ದೊಡ್ಡ ಲಾಭ ನನ್ನ ಪ್ರಕಾರ ಇದೇ. ತೂಕ ಕಮ್ಮಿ, ಶಕ್ತಿ ಪೋಲಾಗಲ್ಲ ಅನ್ನೋದೆಲ್ಲ ಆಮೇಲಿನ ಮಾತು. ಗೇರಿನ ಸಾಮಾನು ತೆಗೆದರೆ ಸುಮಾರು ಒಂದು ಕಿಲೋ ಉಳಿಯಬಹುದು. ಡಿರೇಲರಿನ ಪುಟ್ಟ ಚಕ್ರಗಳ ಘರ್ಷಣೆ ಉಳಿದರೆ ಕೆಲವು ವಾಟ್. ಇವೆರಡಕ್ಕೋಸ್ಕರ ದುಡ್ಡು ಸುರಿಯುವಷ್ಟೇನಿಲ್ಲ.

ನಿಂತು ತುಳಿಯುವಾಗ ಒಂದು ಎಚ್ಚರ. ಟೇಕಡಿಯ ಸಡಿಲ ಗರಸಿನ ಮೇಲೆ ತೂಕವೆಲ್ಲ ಮುಂದಕ್ಕೆ ಹೋದರೆ ಹಿಂದಿನ ಚಕ್ರ ಜಾರುತ್ತದೆ. ಸೊಂಟವನ್ನು ಸೀಟಿನ ಮೂತಿಯ ಮೇಲೆಯೇ ಇಟ್ಟು, ಮೊಣಕೈ ಮಡಿಸಿ, ಪೆಡಲನ್ನು ಕುಟ್ಟದೆ ದುಂಡಗೆ ತುಳಿಯಬೇಕು. ಅಗಲ ಹ್ಯಾಂಡಲ್ ಇದ್ದರೆ ಸಹಾಯ. ಮತ್ತೆ, ಅಲ್ಲಿ ಬೆಳಿಗ್ಗೆ ನಡೆಯುವವರು ತುಂಬಾ. ವೇಗ ಉಳಿಸಿಕೊಳ್ಳಬೇಕು ಅಂತ ಅಜ್ಜ ಅಜ್ಜಿಯರ ನಡುವೆ ನುಗ್ಗಬೇಡಿ. ಜನ ಕಂಡರೆ ನಿಲ್ಲಿಸಿ, ಆ ಏರನ್ನು ತಳ್ಳಿಕೊಂಡು ಹೋಗಿ. ತಳ್ಳೋದು ಹೇಗೂ ಇದ್ದೇ ಇರುತ್ತದೆ, ಅದಕ್ಕೇ ಹಿಡಿತ ಇರುವ ಮೆತ್ತನೆ ಅಟ್ಟೆಯ ಶೂ ಹಾಕಿಕೊಳ್ಳಿ.

ಮಳೆಗಾಲದ ವಿಷಯಕ್ಕೆ ಬಂದರೆ ನಿಮ್ಮ ಸಿಟ್ಟು ನ್ಯಾಯವಾದದ್ದು. ದಖನ್ನಿನ ಈ ಕಪ್ಪು ಬಸಾಲ್ಟ್ ಕಲ್ಲು ಚೂಪು, ಅದರಿಂದಾದ ಮಣ್ಣು ಒದ್ದೆಯಾದರೆ ಅಂಟು. ಡಿರೇಲರ್ ನೆಲದಿಂದ ಒಂದು ಗೇಣು ಎತ್ತರದಲ್ಲಿ ನೇತಾಡುತ್ತಿರುತ್ತದೆ. ಕಲ್ಲಿಗೆ ಬಡಿದರೆ ಹ್ಯಾಂಗರ್ ಬಗ್ಗುವುದು ಅದರ ಕೆಲಸವೇ, ಫ್ರೇಮ್ ಉಳಿಯಲಿ ಅಂತಲೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಕೆಸರು ಪುಟ್ಟ ಚಕ್ರಗಳಲ್ಲಿ ಮೆತ್ತಿಕೊಂಡರೆ ಚೈನು ಹಲ್ಲು ಬಿಟ್ಟು ಹಾರುತ್ತದೆ. ಸಿಂಗಲ್ ಸ್ಪೀಡಿನಲ್ಲಿ ನೇತಾಡುವುದು ಏನೂ ಇಲ್ಲ. ಚೈನು ನೇರವಾಗಿ ಓಡುತ್ತದೆ, ಕೆಸರಿದ್ದರೂ ಕರಕರ ಅಂತ ಗೊಣಗುತ್ತಾ ಓಡುತ್ತಲೇ ಇರುತ್ತದೆ. ಮನೆಗೆ ಬಂದು ಒಂದು ಬಕೆಟ್ ನೀರು, ಹಳೇ ಟೂತ್ ಬ್ರಷ್, ಒಂದು ಬಟ್ಟೆ, ಚೈನಿಗೆ ನಾಲ್ಕು ಹನಿ ಎಣ್ಣೆ. ಮುಗೀತು. ಗಾಡಿ ತೊಳೆಯುವ ಅಂಗಡಿಯ ಜೋರು ನೀರನ್ನು ಮಾತ್ರ ಹಬ್‌ಗೂ ಕ್ರ್ಯಾಂಕಿನ (ಪೆಡಲ್ ತೋಳಿನ) ಬೇರಿಂಗ್‌ಗೂ ಹಿಡಿಸಬೇಡಿ. ಒಳಗೆ ನೀರು ಹೊಕ್ಕರೆ ಗ್ರೀಸ್ ಹೋಗುತ್ತದೆ, ಅದಕ್ಕೆ ಗೇರ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಹಾಗಾದರೆ ಇರುವ ಸೈಕಲನ್ನೇ ಬದಲಾಯಿಸಿದರೆ? ಬೇಡ. ಕಾರಣ ಹಿಂದಿನ ಚಕ್ರ ಕೂರುವ ಸೀಳಿನಲ್ಲಿದೆ. ನಿಮ್ಮಂಥ ಗೇರಿನ ಫ್ರೇಮಿನಲ್ಲಿ ಆ ಸೀಳು ಕೆಳಗಿನಿಂದ ಮೇಲಕ್ಕೆ ನೆಟ್ಟಗೆ ಇರುತ್ತದೆ. ಚಕ್ರವನ್ನು ಹಿಂದಕ್ಕೆ ಎಳೆದು ಚೈನು ಬಿಗಿ ಮಾಡೋಕೆ ಆಗಲ್ಲ. ಚೈನ್ ಟೆನ್ಷನರ್ ಅನ್ನೋ ತೋಳು ಹಾಕಬೇಕು, ಅದು ನಿಲ್ಲುವುದು ಅದೇ ಹ್ಯಾಂಗರಿನ ಮೇಲೆ. ಹಳೇ ಡಿರೇಲರನ್ನೇ ಸ್ಕ್ರೂ ತಿರುವಿ ಒಂದೇ ಕಡೆ ನಿಲ್ಲಿಸಿ ಟೆನ್ಷನರ್ ಮಾಡುವ ಜುಗಾಡ್ ಕೂಡ ಇದೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಕಲ್ಲಿಗೆ ಬಡಿಯುವ ವಸ್ತು ಮತ್ತೆ ಅಲ್ಲೇ ನೇತಾಡಿತಲ್ಲ! ಯಾವ ತೊಂದರೆ ತಪ್ಪಿಸಿಕೊಳ್ಳೋಕೆ ಹೊರಟಿರೋ ಅದು ಹಾಗೇ ಉಳಿದು, ಗೇರು ಮಾತ್ರ ಹೋಗುತ್ತದೆ.

ಜುಗಾಡ್ ಬೇಡ ಅಂದೆ, ಪರೀಕ್ಷೆಗೆ ಮಾತ್ರ ನಿಮ್ಮ ಸೈಕಲ್ ಬಹಳ ಅನುಕೂಲ. ಮುಂದೆ ನಡುವಿನ 32ಕ್ಕೆ ಹಾಕಿ. ಹಿಂದೆ 18 ಹಲ್ಲಿನದು ಯಾವುದು ಅಂತ ಎಣಿಸಿ. ಎಂಟು ಚಕ್ರದ ಗುಚ್ಛದಲ್ಲಿ ಸಾಮಾನ್ಯವಾಗಿ ದೊಡ್ಡದರಿಂದ ಐದನೆಯದು. 27.5 ಚಕ್ರದ ಮೇಲೆ ಇದು 49 ಗೇರ್ ಇಂಚು. 29ರ ಚಕ್ರದಲ್ಲಿ 32ಕ್ಕೆ 19 ಹಾಕಿದರೆ ಎಷ್ಟೋ ಅಷ್ಟೇ. ಈಗ ಗೇರ್ ಲಿವರಿನ ಮೇಲೆ ಇನ್ಸುಲೇಷನ್ ಟೇಪ್ ಸುತ್ತಿಬಿಡಿ. ಟೇಪ್ ಯಾಕೆ ಅಂದರೆ, ಏರಿನಲ್ಲಿ ಬೆರಳು ತಾನಾಗಿಯೇ ಲಿವರಿಗೆ ಹೋಗುತ್ತದೆ. ಒಂದು ತಿಂಗಳು ಟೇಕಡಿಗೆ ಹೀಗೇ ಹೋಗಿ. ಒಂದು ಭಾನುವಾರ ಹೀಗೇ ಗುಂಪಿನ ಜೊತೆ ಪಾನಶೇತ್ ಕಡೆಗೂ ಹೋಗಿ ನೋಡಿ. ಮೊಣಕಾಲು ಏನು ಹೇಳುತ್ತದೆ ಕೇಳಿ. ಅಷ್ಟರಲ್ಲಿ ಗೆಳೆಯನಿಗೆ ಬೇರೆ ಗಿರಾಕಿ ಸಿಕ್ಕರೆ ಸಿಗಲಿ ಬಿಡಿ, ಇನ್ನೊಂದು ಸೈಕಲ್ ಸಿಗುತ್ತದೆ.

ಪಾನಶೇತ್ ಯಾಕೆ ಹೇಳಿದೆ ಅಂದರೆ, ಅಲ್ಲಿ ಇನ್ನೊಂದು ಕಷ್ಟ ಗೊತ್ತಾಗುತ್ತದೆ. ಖಡಕ್‌ವಾಸ್ಲಾ ದಾಟಿ ರಸ್ತೆ ಸಿಕ್ಕ ಕಡೆ ಗೆಳೆಯರು ಗಂಟೆಗೆ 30ರಲ್ಲಿ ಹೋಗುತ್ತಾರೆ. ಗೆಳೆಯನ ಸೈಕಲ್‌ನಲ್ಲಿ ಅಷ್ಟು ವೇಗಕ್ಕೆ ನಿಮಿಷಕ್ಕೆ 120 ಸುತ್ತು ತುಳಿಯಬೇಕು. ಅರ್ಧ ನಿಮಿಷ ಮಾಡಬಹುದು. ಆಮೇಲೆ ನೀವು ಹಿಂದೆ, ಅವರು ಮುಂದೆ, ಟೀ ಅಂಗಡಿಯಲ್ಲಿ ಭೇಟಿ. ಏರಿನಲ್ಲಿ ಉಲ್ಟಾ. ಅವರು ನಿಧಾನ, ನೀವು ನಿಧಾನ ಮಾಡೋಕೆ ಆಗದೆ ಮುಂದೆ ಹೋಗಿಬಿಡುತ್ತೀರಿ. ಮಾತಾಡಿಕೊಂಡು ಹೋಗುವುದೇ ಭಾನುವಾರದ ಸುಖ ಅನ್ನುವವರಿಗೆ ಇದು ಸಣ್ಣ ನಷ್ಟ ಅಲ್ಲ. ಗುಂಪಿನಲ್ಲಿ ಇನ್ನೊಬ್ಬರದೂ ಸಿಂಗಲ್ ಸ್ಪೀಡ್ ಇದ್ದರೆ ಬೇರೆ ಮಾತು.

ಪರೀಕ್ಷೆ ಆಯಿತು, ಇಷ್ಟ ಆಯಿತು ಅಂತ ಇಟ್ಟುಕೊಳ್ಳೋಣ. ಗೆಳೆಯನ ಸೈಕಲ್ ನೋಡುವಾಗ ಬಣ್ಣ, ಸ್ಟಿಕ್ಕರ್ ಬಿಡಿ. ಮೊದಲು ಸೀಟಿನ ಕಂಬ ಹೊರಗೆ ತೆಗೆದು, ಮೊಬೈಲ್ ಟಾರ್ಚ್ ಹಿಡಿದು ಕೊಳವೆ ಒಳಗೆ ನೋಡಿ. ಸ್ಟೀಲ್ ಫ್ರೇಮು ಪುಣೆಯ ಮಳೆಗಾಲ ಕಂಡಿದ್ದರೆ ತುಕ್ಕು ಒಳಗಿನಿಂದ ಹಿಡಿದಿರುತ್ತದೆ. ಮೇಲಿನ ಕಂದು ಪುಡಿ ಪರವಾಗಿಲ್ಲ. ಹಾಳೆ ಹಾಳೆಯಾಗಿ ಎದ್ದಿದ್ದರೆ ಬೇಡ.

ಆಮೇಲೆ ಚೈನು. ಸೈಕಲ್ ತಲೆಕೆಳಗೆ ನಿಲ್ಲಿಸಿ, ಕ್ರ್ಯಾಂಕಿಗೂ ಹಿಂದಿನ ಚಕ್ರಕ್ಕೂ ನಡುಮಧ್ಯದಲ್ಲಿ ಬೆರಳಿಂದ ಚೈನನ್ನು ಮೇಲೆ ಕೆಳಗೆ ಒತ್ತಿ. ಒಟ್ಟು ಒಂದು ಸೆಂಟಿಮೀಟರಿನಷ್ಟು ಆಡಬೇಕು. ಈಗ ಕ್ರ್ಯಾಂಕನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಒತ್ತಿ. ಹೀಗೆ ಪೂರ್ತಿ ಸುತ್ತು ನೋಡಿ. ಒಂದು ಕಡೆ ಸಡಿಲ, ಒಂದು ಕಡೆ ತಂತಿಯ ಹಾಗೆ ಬಿಗಿ ಸಿಕ್ಕರೆ ಮುಂದಿನ ಹಲ್ಲಿನ ಚಕ್ರ ನಡುಮಧ್ಯದಲ್ಲಿ ಕೂತಿಲ್ಲ ಅಂತ ಅರ್ಥ. ಗಾಬರಿ ಬೇಡ. ಅದರ ಬೋಲ್ಟುಗಳನ್ನು ತುಸು ಸಡಿಲ ಮಾಡಿ, ಚೈನು ಬಿಗಿಯಾದ ಜಾಗಕ್ಕೆ ತಂದು, ಚೈನಿನ ಮೇಲೆ ಸ್ಪ್ಯಾನರ್ ಹಿಡಿಕೆಯಿಂದ ಮೆಲ್ಲಗೆ ತಟ್ಟಿದರೆ ಚಕ್ರ ಕೂದಲೆಳೆಯಷ್ಟು ಸರಿಯುತ್ತದೆ. ಮತ್ತೆ ತಿರುಗಿಸಿ, ಮತ್ತೆ ತಟ್ಟಿ, ಬೋಲ್ಟ್ ಬಿಗಿ ಮಾಡಿ. ತೀರಾ ಬಿಗಿ ಚೈನು ಬೇರಿಂಗ್ ತಿನ್ನುತ್ತದೆ, ತೀರಾ ಸಡಿಲ ಆದರೆ ನೀವು ನಿಂತು ತುಳಿಯುವಾಗಲೇ ಕಳಚುತ್ತದೆ. ನಿಂತು ತುಳಿಯುವಾಗ ಚೈನು ಕಳಚಿದರೆ ಎದೆಯೋ ಗಲ್ಲವೋ ಹ್ಯಾಂಡಲಿಗೆ. ಸಿಂಗಲ್ ಸ್ಪೀಡಿನಲ್ಲಿ ಬಿಡುವಿಲ್ಲದೆ ನೋಡಬೇಕಾದ ಒಂದೇ ಒಂದು ವಿಷಯ ಈ ಬಿಗಿ.

ಚೈನು ಎಷ್ಟು ಸವೆದಿದೆ ನೋಡೋಕೆ ಸ್ಟೀಲ್ ಅಳತೆಪಟ್ಟಿ ಸಾಕು. ಹೊಸ ಚೈನಿನಲ್ಲಿ ಒಂದು ಪಿನ್ನಿನ ನಡುವಿನಿಂದ 24 ಪಿನ್ ಆಚೆಗಿನ ನಡುವಿಗೆ ಸರಿಯಾಗಿ 12 ಇಂಚು. ಗೇರಿನ ಸೈಕಲ್ ಆದರೆ ಇಂಚಿನ ಹದಿನಾರನೇ ಒಂದು ಭಾಗ ಜಾಸ್ತಿ ಆದಾಗಲೇ ಚೈನು ಬದಲಿಸಬೇಕು. ಇಲ್ಲಿ ಎಂಟನೇ ಒಂದು ಭಾಗದವರೆಗೂ ಓಡಿಸಬಹುದು, ಯಾಕೆಂದರೆ ಚೈನು ಮತ್ತು ಹಲ್ಲು ಜೊತೆಜೊತೆಗೆ ಸವೆಯುತ್ತವೆ. ಆಮೇಲೆ ಎರಡನ್ನೂ ಒಟ್ಟಿಗೆ ಬದಲಿಸಿ. ಬಿಎಂಎಕ್ಸ್ (ಗೇರಿಲ್ಲದ ಸಣ್ಣ ಕಸರತ್ತಿನ ಸೈಕಲ್) ಚೈನು, ಫ್ರೀವೀಲು ಎರಡೂ ಎಂಟು ಗೇರಿನ ಗುಚ್ಛಕ್ಕೆ ಹೋಲಿಸಿದರೆ ಬಹಳ ಅಗ್ಗ, ಪೇಠೆಯ ಸೈಕಲ್ ಅಂಗಡಿಗಳಲ್ಲಿ ಸಿಗುತ್ತವೆ.

ಹಿಂದಿನ ಹಬ್ ಯಾವುದು ಅಂತ ಗೆಳೆಯನನ್ನು ಕೇಳಿ. ಫ್ರೀವೀಲನ್ನು ಥ್ರೆಡ್ಡಿಗೆ ತಿರುಚಿ ಕೂರಿಸುವ ಹಬ್ ಆದರೆ 20 ಹಲ್ಲಿನದು ಹುಡುಕಿ ಹಾಕಿಸಿ. ತುಳಿದಷ್ಟೂ ಫ್ರೀವೀಲು ಬಿಗಿಯಾಗುತ್ತಾ ಹೋಗುವುದರಿಂದ ಹಳೆಯದನ್ನು ಬಿಚ್ಚೋಕೆ ಸರಿಯಾದ ಪುಲ್ಲರ್ ಮತ್ತು ವೈಸ್ ಬೇಕು. ಸುತ್ತಿಗೆ ಎತ್ತಿಕೊಂಡ ಮೆಕ್ಯಾನಿಕ್‌ನಿಂದ ಸೈಕಲ್ ವಾಪಸ್ ತಗೊಂಡು ಬನ್ನಿ. ಹೊಸದು ಹಾಕುವಾಗ ಥ್ರೆಡ್ಡಿಗೆ ಗ್ರೀಸ್ ಸವರಲು ಹೇಳಿ. ಹಬ್ ಇನ್ನೊಂದು ಬಗೆಯದು, ಅಂದರೆ ಮೈಮೇಲೆ ಉದ್ದುದ್ದ ತೋಡು ಇರುವ ಫ್ರೀಹಬ್ ಆದರೆ ಬುಡ ಅಗಲ ಇರುವ ಬಿಡಿ ಹಲ್ಲಿನ ಚಕ್ರವನ್ನೇ ಕೊಳ್ಳಿ. ತೆಳ್ಳನೆ ತಗಡಿನದು ನಿಮ್ಮ ನಿಂತ ತುಳಿತಕ್ಕೆ ಅಲ್ಯೂಮಿನಿಯಂ ಫ್ರೀಹಬ್ಬನ್ನು ಕಚ್ಚಿ ಗಾಯ ಮಾಡುತ್ತದೆ.

18ರಿಂದ 20ಕ್ಕೆ ಹೋದರೆ ಚೈನು ಬದಲಿಸಬೇಕಾಗಿಲ್ಲದೇ ಇರಬಹುದು. ಎರಡು ಹಲ್ಲು ಹೆಚ್ಚಾದರೆ ಆಕ್ಸಲ್ ಸುಮಾರು 6 ಮಿಲಿಮೀಟರ್ ಮುಂದಕ್ಕೆ ಬರುತ್ತದೆ ಅಷ್ಟೇ. ಈಗ ಆಕ್ಸಲ್ಲಿನ ಮುಂದೆ ಸೀಳಿನಲ್ಲಿ ಅಷ್ಟು ಜಾಗ ಉಳಿದಿದೆಯಾ ಅಂತ ನೋಡಿದರಾಯಿತು. ಡಿಸ್ಕ್ ಬ್ರೇಕ್ ಇದ್ದರೆ ಡಿಸ್ಕ್ ಹಿಡಿಯುವ ಕ್ಯಾಲಿಪರ್ ಕೂಡ ಆಕ್ಸಲ್ ಜೊತೆ ಸರಿಯುವ ಏರ್ಪಾಟು ಇದೆಯಾ ಗಮನಿಸಿ.

ಶಾಕ್ ಇಲ್ಲದ ಫೋರ್ಕಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಸಿಂಗಲ್ ಸ್ಪೀಡ್ ಅಂತ ಜನ ಹೊಗಳುವುದರಲ್ಲಿ ಅರ್ಧ ಸ್ಟೀಲ್ ಫ್ರೇಮಿನದು, ದೊಡ್ಡ ಚಕ್ರದ್ದು. ಬೈಯುವುದರಲ್ಲಿ ಅರ್ಧ ಈ ಫೋರ್ಕಿನದು. ಟೇಕಡಿಯ ಕಲ್ಲಿನ ಇಳಿಜಾರಿನಲ್ಲಿ ಮಣಿಕಟ್ಟು ನೋಯುತ್ತದೆ. ಮುಂದೆ ಫೋರ್ಕಿಗೆ ಹಿಡಿಸುವಷ್ಟು ಅಗಲದ ಟೈರ್ ಹಾಕಿ, ಗಾಳಿ ಕಮ್ಮಿ ಇಡಿ. ಟ್ಯೂಬ್ ಇದ್ದರೆ 28-30 ಪಿಎಸ್‌ಐ ಸುತ್ತಮುತ್ತ ಶುರು ಮಾಡಿ ನೋಡಿ. ಪೆಟ್ರೋಲ್ ಬಂಕಿನ ಹುಡುಗ 50 ತುಂಬಿಸಿಬಿಡುತ್ತಾನೆ, ಸ್ವಂತ ಪಂಪ್ ಇರಲಿ.

ಇನ್ನು ಮಗನ ಸೈಕಲ್. ನಾನಾದರೆ ಗೇರ್ ಇಲ್ಲದ್ದನ್ನೇ ಕೊಡಿಸುತ್ತೇನೆ. ಹುಡುಗರ ಅಗ್ಗದ ಗೇರಿನ ಸೈಕಲ್‌ಗಳಲ್ಲಿ ಮೊದಲು ಕೆಡುವುದೇ ಆ ಗೇರು. ಸ್ಟ್ಯಾಂಡಿನಿಂದ ಒಂದು ಸಲ ಬಲಕ್ಕೆ ಬಿದ್ದರೆ ಸಾಕು. ಆದರೆ ಅಂಗಡಿಯಲ್ಲಿ ನಾನ್-ಗೇರ್ ಎಂಟಿಬಿ ಅಂತ ಮಾರುವುದನ್ನು ತಗೊಳ್ಳುವ ಮುಂಚೆ ಹಲ್ಲು ಎಣಿಸಿ. ಎಷ್ಟೋ ಸೈಕಲ್‌ಗಳಲ್ಲಿ ಮುಂದೆ 44, ಹಿಂದೆ 18 ಇರುತ್ತದೆ. 26 ಇಂಚಿನ ಚಕ್ರದ ಮೇಲೆ ಅದು 64 ಗೇರ್ ಇಂಚು. ಅಪ್ಪನ 52ಕ್ಕೇ ನಾವು ಇಷ್ಟು ತಲೆ ಕೆಡಿಸಿಕೊಂಡಿದ್ದೇವೆ, 12 ವರ್ಷದ ಹುಡುಗನಿಗೆ 64! ಬಯಲು ರಸ್ತೆಗೆ ಮಾಡಿದ ಗೇರ್ ಅದು, ಹೆಸರು ಮಾತ್ರ ಮೌಂಟನ್. ಕೋಥ್ರೂಡಿನ ಸೊಸೈಟಿ ರ‍್ಯಾಂಪ್ ಹತ್ತೋಕೂ ಹುಡುಗ ಏದುಸಿರು ಬಿಡುತ್ತಾನೆ. ಖರೀದಿ ಮಾಡುವಾಗಲೇ 22 ಹಲ್ಲಿನ ಫ್ರೀವೀಲ್ ಹಾಕಿಕೊಡಿ ಅನ್ನಿ. 52ಕ್ಕೆ ಇಳಿಯುತ್ತದೆ. 22 ಸಿಗದಿದ್ದರೆ 20, ಆಗ 57. ಮುಂದೆ 36 ಹಲ್ಲಿನ ಕ್ರ್ಯಾಂಕ್ ಸಿಕ್ಕರೆ ಇನ್ನೂ ಒಳ್ಳೆಯದು, ಹಿಂದಿನ 18 ಮುಟ್ಟಬೇಕಾಗಿಲ್ಲ. 22 ಹಾಕಿದರೆ ಚೈನಿಗೆ ಒಂದು ಇಂಚು ಜೋಡಿಸಬೇಕು. ಅಂಗಡಿಯವರು ಅದನ್ನು ಮಾಡದೆ ಆಕ್ಸಲನ್ನೇ ಮುಂದೆ ತಳ್ಳಿ ಸುಧಾರಿಸೋಕೆ ನೋಡುತ್ತಾರೆ, ಆಗ ಬ್ರೇಕ್ ಶೂ ರಿಮ್ಮಿನ ಮೇಲೆ ಸರಿಯಾಗಿ ಕೂರುವುದಿಲ್ಲ. ಚೈನೇ ಉದ್ದ ಮಾಡಿಸಿ.